ನದಿ ಒಂದು, ಸಂಘ ಹತ್ತು

ಮುಂಗಾರಿನಲ್ಲಿ ಘಟಪ್ರಭೆಗೆ ಹೊಸ ನೀರು ಬಂದರೆ ನಮ್ಮ ಭಾಗದ ಜನಕ್ಕೆ ಎಲ್ಲಿಲ್ಲದ ಹಿಗ್ಗು. ಗೋಕಾಕ ಜಲಪಾತದಲ್ಲಿ ಕೆಂಪು ನೀರು 52 ಮೀಟರ್ ಕೆಳಗೆ ಧುಮುಕುವುದನ್ನು ನೋಡಲು ಮಕ್ಕಳು ಮರಿ ಕಟ್ಟಿಕೊಂಡು ಹೋಗುತ್ತಾರೆ. ಹಿಡಕಲ್ ಜಲಾಶಯ ಎಷ್ಟು ತುಂಬಿತೆಂದು ದಿನವೂ ಪತ್ರಿಕೆಯಲ್ಲಿ ಹುಡುಕುತ್ತಾರೆ. ಕಬ್ಬಿನ ಚಿಂತೆ ಒಂದು ವರ್ಷದ ಮಟ್ಟಿಗೆ ಮುಗಿದಂತೆ. ವೈದ್ಯನಾದ ನನಗೆ ಮಾತ್ರ ಆ ಕೆಂಪು ನೀರು ಕಂಡಾಗ ಬೇರೆಯೇ ಲೆಕ್ಕ ಶುರುವಾಗುತ್ತದೆ. ಮೊದಲ ವಾರ ವಾಂತಿಭೇದಿ, ಎರಡು ಮೂರು ವಾರಕ್ಕೆ ವಿಷಮಶೀತ ಜ್ವರ, ಶ್ರಾವಣ ಕಳೆಯುವ ಹೊತ್ತಿಗೆ ಕಾಮಣಿ.

ಮೂರು ವರ್ಷದ ಹಿಂದೆ ಇಂಥದೇ ದಿನಗಳಲ್ಲಿ ನದಿ ದಂಡೆಯ ಒಂದು ಹಳ್ಳಿಯಿಂದ ಏಳು ತಿಂಗಳ ಗರ್ಭಿಣಿಯೊಬ್ಬಳನ್ನು ಅವಳ ಅತ್ತೆ ನಾಗನೂರಿನ ನನ್ನ ದವಾಖಾನೆಗೆ ಕರೆತಂದರು.

“ಎಂಟ ದಿನ ಆತ್ರಿ ಸಾಹೇಬ್ರ, ಊಟ ಸೇರವಲ್ದು. ಕಣ್ಣ ಹಳದಿ ಆಗ್ಯಾವ. ಕಾಮಣಿ ಔಷಧ ಕುಡಿಸೇವಿ, ಇಳಿವಲ್ದು.”

ಹುಡುಗಿಗೆ ಮಾತು ತೊದಲುತ್ತಿತ್ತು, ಕಣ್ಣು ಎಳೆಯುತ್ತಿತ್ತು. ಗರ್ಭಿಣಿಯಲ್ಲಿ ಇದು ತೀರ ಕೆಟ್ಟ ಸೂಚನೆ. ಒಂದು ನಿಮಿಷವೂ ತಡಮಾಡದೆ ಬೆಳಗಾವಿಗೆ ಕಳಿಸಿದೆ. ತಾಯಿ ಉಳಿದಳು. ಕೂಸು ಉಳಿಯಲಿಲ್ಲ.

ಇದಾದ ಹದಿನೈದು ದಿನಕ್ಕೆ ಒಂದು ಮದುವೆಯ ಊಟದ ಪಂಕ್ತಿಯಲ್ಲಿ ಸುತ್ತಲಿನ ಊರುಗಳ ಮೂವರು ವೈದ್ಯಮಿತ್ರರು ಪಕ್ಕದಲ್ಲೇ ಕುಳಿತಿದ್ದರು. ಮಾತಿಗೆ ಮಾತು ಬಂದು ನಾನು ಆ ಹುಡುಗಿಯ ಸಂಗತಿ ಹೇಳಿದೆ. ಒಬ್ಬರು, ತಮ್ಮಲ್ಲಿಗೂ ಆ ತಿಂಗಳು ನಾಲ್ಕು ಕಾಮಣಿ ಬಂದಿವೆ ಎಂದರು. ಇನ್ನೊಬ್ಬರು ಆರು ಎಂದರು. ಮತ್ತೊಬ್ಬರು ನೆನಪು ಮಾಡಿಕೊಂಡು ಐದು ಎಂದರು. ನನ್ನವು ನಾಲ್ಕು. ಹೋಳಿಗೆ ಮುಗಿಯುವಷ್ಟರಲ್ಲಿ ಲೆಕ್ಕ ಹತ್ತೊಂಬತ್ತಕ್ಕೆ ಬಂದಿತ್ತು. ಹೆಚ್ಚಿನವರೆಲ್ಲ ಅದೇ ದಂಡೆಯ ಅಕ್ಕಪಕ್ಕದ ಹಳ್ಳಿಗಳವರು. ಒಬ್ಬೊಬ್ಬರ ದವಾಖಾನೆಯಲ್ಲಿ ಅದು ಮಳೆಗಾಲದ ಮಾಮೂಲಿ ಕಾಮಣಿ. ನಾಲ್ವರ ಚೀಟಿ ಕೂಡಿಸಿದಾಗ ಅದೊಂದು ಸಾಂಕ್ರಾಮಿಕ. ನಮ್ಮಲ್ಲಿ ಒಬ್ಬರೂ ತಾಲೂಕು ಆರೋಗ್ಯಾಧಿಕಾರಿಗಳಿಗೆ ಒಂದು ಸಾಲು ಬರೆದಿರಲಿಲ್ಲ. 2004ರಿಂದಲೂ ದೇಶದಲ್ಲಿ ರೋಗಗಳ ವರದಿ ಪಡೆಯುವ ವ್ಯವಸ್ಥೆ ಇದೆ. ಖಾಸಗಿ ವೈದ್ಯರಾದ ನಾವು ಅದನ್ನು ಸರಕಾರಿ ದವಾಖಾನೆಯ ಕೆಲಸವೆಂದು ಬಿಟ್ಟುಬಿಟ್ಟಿದ್ದೇವೆ. ಆ ತಪ್ಪು ನನ್ನದೂ ಹೌದು.

ಇದನ್ನು ಇಷ್ಟು ವಿವರವಾಗಿ ಬರೆಯಲು ಕಾರಣವಿದೆ. ನಮ್ಮ ನದಿ, ಕೆರೆಗಳ ಬಗ್ಗೆ ಕೆಲಸ ಮಾಡುವ ಸಂಘ ಸಂಸ್ಥೆಗಳ ಸ್ಥಿತಿಯೂ ನಮ್ಮ ನಾಲ್ವರು ವೈದ್ಯರ ಸ್ಥಿತಿಯಂತೆಯೇ ಇದೆ. ಅದಕ್ಕೆ ಹೋಗುವ ಮುನ್ನ ಈ ಕಾಮಣಿಯ ಬಗ್ಗೆ ನಾಲ್ಕು ಮಾತು.

ಕಣ್ಣು ಹಳದಿಯಾಗುವುದು ಒಂದು ಲಕ್ಷಣ ಮಾತ್ರ, ಕಾರಣ ಹಲವು. ಮಳೆಗಾಲದಲ್ಲಿ ಊರಿಗೆ ಊರೇ ಮಲಗುವಂತೆ ಬರುವುದು ಹೆಚ್ಚಾಗಿ ಹೆಪಟೈಟಿಸ್ ‘ಎ’ ಮತ್ತು ‘ಇ’ ಎಂಬ ವೈರಸ್‌ಗಳಿಂದ. ಎರಡೂ ರೋಗಿಯ ಮಲದಿಂದ ನೀರಿಗೆ, ನೀರಿನಿಂದ ಇನ್ನೊಬ್ಬನ ಬಾಯಿಗೆ ಹೋಗುವಂಥವು. ‘ಎ’ ಹೆಚ್ಚಾಗಿ ಮಕ್ಕಳಿಗೆ ಬರುತ್ತದೆ, ಅದಕ್ಕೆ ಲಸಿಕೆ ಇದೆ. ‘ಇ’ಗೆ ಚೀನಾದಲ್ಲಿ 2011ರಲ್ಲೇ ಲಸಿಕೆಗೆ ಪರವಾನಗಿ ಸಿಕ್ಕಿದ್ದರೂ ನಮ್ಮ ಹಳ್ಳಿಗಳ ಗರ್ಭಿಣಿಯರಿಗೆ ಅದು ಸಿಗುವಂತಿಲ್ಲ. ಬೇರೆಯವರಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುವ ಈ ‘ಇ’ ಕಾಮಣಿ ಕೊನೆಯ ಮೂರು ತಿಂಗಳ ಬಸುರಿಯರಲ್ಲಿ ಐವರಲ್ಲಿ ಒಬ್ಬರ ಜೀವ ತೆಗೆಯುವಷ್ಟು ಕ್ರೂರ. ಕಾಮಣಿ ಔಷಧವೆಂದು ಕುಡಿಸುವ ಬೇರು ಸೊಪ್ಪಿನ ರಸದ ಮೇಲೆ ನನಗೆ ದ್ವೇಷವಿಲ್ಲ. ಅದಕ್ಕಾಗಿ ಕಳೆದುಹೋಗುವ ಎಂಟು ದಿನಗಳ ಮೇಲೆ ಇದೆ.

ಇನ್ನೊಂದು ಸಂಗತಿ. ಹೊಲಸು ನೀರು ಕುಡಿದಂದಿನಿಂದ ಕಣ್ಣು ಹಳದಿಯಾಗುವವರೆಗೆ ಎರಡರಿಂದ ಎಂಟು ವಾರ ಹಿಡಿಯುತ್ತದೆ. ಅಂದರೆ ರೋಗಿ ನನ್ನ ಮುಂದೆ ಕುಳಿತಾಗ, ಅವನನ್ನು ಕೆಡಿಸಿದ ನೀರು ಎಂದೋ ಹರಿದುಹೋಗಿರುತ್ತದೆ. ನೆರೆ ಇಳಿದಿರುತ್ತದೆ, ಒಡೆದ ಪೈಪಿಗೆ ಪಟ್ಟಿ ಬಿದ್ದಿರುತ್ತದೆ. ದವಾಖಾನೆಯಲ್ಲಿ ಕುಳಿತು ನೀರನ್ನು ಕಾಯುವುದು ಆಗದ ಮಾತು.

1955ರ ಕೊನೆಯಲ್ಲಿ ದೆಹಲಿಯಲ್ಲಿ ನಡೆದದ್ದನ್ನು ನಮಗೆ ಪಾಠದಲ್ಲಿ ಓದಿಸಿದ್ದರು. ಯಮುನೆಯ ನೆರೆಯಲ್ಲಿ ನಗರದ ಚರಂಡಿಯ ನೀರು ಹಿಂದಕ್ಕೆ ಒತ್ತರಿಸಿ, ಕುಡಿಯುವ ನೀರನ್ನು ಎತ್ತುವ ಜಾಗಕ್ಕೇ ಸೇರಿತು. ನೀರಿನ ಅಧಿಕಾರಿಗಳು ಕ್ಲೋರಿನ್ ಹೆಚ್ಚಿಸಿದರು. ವಾಂತಿಭೇದಿ, ವಿಷಮಶೀತ ಜ್ವರ ಏಳಲಿಲ್ಲ. ಆದರೆ ವೈರಸ್ ಪಾರಾಗಿ ಬಂತು. ಸುಮಾರು 29,000 ಜನರ ಕಣ್ಣು ಹಳದಿಯಾಯಿತು. ಅದು ‘ಇ’ ಎಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ನಮ್ಮ ಮಗ್ಗುಲಲ್ಲೇ, ಪಂಚಗಂಗೆಯ ದಂಡೆಯ ಇಚಲಕರಂಜಿಯಲ್ಲಿ 2012ರ ಬೇಸಿಗೆಯಲ್ಲಿ ಸಾವಿರಾರು ಜನ ಕಾಮಣಿಯಿಂದ ಮಲಗಿದ್ದನ್ನು ನಿಮ್ಮಲ್ಲಿ ಅನೇಕರು ಮರೆತಿರಲಾರಿರಿ. ಅದೇ ಪಂಚಗಂಗೆ ಕೃಷ್ಣೆಯನ್ನು ಕೂಡಿ ಗಡಿ ದಾಟಿ ನಮ್ಮ ಜಿಲ್ಲೆಗೇ ಬರುತ್ತದೆ.

“ಕುದಿಸಿ ಕುಡಿದರಾಯಿತಲ್ಲ?” ಎಂದು ನೀವು ಕೇಳಬಹುದು. ರೋಗಾಣುಗಳ ಮಟ್ಟಿಗೆ ಆಯಿತು. ಆದರೆ ನದಿಗೆ ಸೇರುವುದು ಮಲವೊಂದೇ ಅಲ್ಲ. ಹೊಲದ ಗೊಬ್ಬರ, ಕೀಟನಾಶಕ, ಕಾರ್ಖಾನೆಯ ನೀರು ಇವು ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಗಟ್ಟಿಯಾಗುತ್ತವೆ. ಸ್ನಾನಕ್ಕೆ ಯೋಗ್ಯವಾದ ನದಿಯ ಒಂದು ಲೀಟರ್ ನೀರಿನಲ್ಲಿ ಕನಿಷ್ಠ 5 ಮಿಲಿಗ್ರಾಂ ಆಮ್ಲಜನಕ ಕರಗಿರಬೇಕು. ನೀರಿನಲ್ಲಿರುವ ಕೊಳೆಯನ್ನು ತಿಂದು ಕರಗಿಸಲು ಸೂಕ್ಷ್ಮಜೀವಿಗಳು ಈ ಆಮ್ಲಜನಕವನ್ನೇ ಬಳಸುತ್ತವೆ. ಅವುಗಳ ಬೇಡಿಕೆ ಲೀಟರಿಗೆ 3 ಮಿಲಿಗ್ರಾಂ ದಾಟಬಾರದೆಂದು ನಿಯಮ. ಮನೆಗಳ ಚರಂಡಿ ನೀರಿನಲ್ಲಿ ಈ ಬೇಡಿಕೆ ಇನ್ನೂರು ಮುನ್ನೂರು ಇರುತ್ತದೆ. ಕಾಕಂಬಿಯಿಂದ ಮದ್ಯಸಾರ ತೆಗೆದ ಮೇಲೆ ಉಳಿಯುವ ಕಪ್ಪು ದ್ರವದಲ್ಲಿ ಶುದ್ಧೀಕರಣಕ್ಕೆ ಮೊದಲು ನಲವತ್ತು ಐವತ್ತು ಸಾವಿರ! ಅಂಥದ್ದು ಒಂದೇ ರಾತ್ರಿ ಹಳ್ಳಕ್ಕೆ ಬಿದ್ದರೂ ಬೆಳಗಾಗುವಷ್ಟರಲ್ಲಿ ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತವೆ. ಕಬ್ಬಿನ ಸೀಮೆಯ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಸಂಘಗಳ ಮಾತು. ನಮ್ಮ ಮೂರು ತಾಲೂಕು, ಅಂದರೆ ಗೋಕಾಕ, ಮೂಡಲಗಿ, ಹುಕ್ಕೇರಿಗಳಲ್ಲಿ ಸಂಘಗಳಿಗೆ ಬರವಿಲ್ಲ. ಯುವಕ ಮಂಡಳಗಳಿವೆ, ಮಹಿಳೆಯರ ಸ್ವಸಹಾಯ ಸಂಘಗಳಿವೆ, ರೈತ ಸಂಘವಿದೆ, ಮಠಗಳಿವೆ, ಪಟ್ಟಣದಲ್ಲಿ ಸೇವಾ ಕ್ಲಬ್ಬುಗಳಿವೆ, ವೈದ್ಯರ ಸಂಘವೂ ಇದೆ. ಯಾರೂ ಕೆಲಸಗೇಡಿಗಳಲ್ಲ. ಒಬ್ಬರು ಘಾಟು ಗುಡಿಸುತ್ತಾರೆ, ಒಬ್ಬರು ಸಸಿ ನೆಡುತ್ತಾರೆ, ಒಬ್ಬರು ಕೆರೆಯ ಹೂಳೆತ್ತಿಸುತ್ತಾರೆ, ವೈದ್ಯರಾದ ನಾವು ಉಚಿತ ಶಿಬಿರ ಮಾಡಿ ಗುಳಿಗೆ ಹಂಚುತ್ತೇವೆ. ಎಲ್ಲರ ಹಿಂದೆಯೂ ಅವರವರ ಬ್ಯಾನರು. ಘಾಟು ಗುಡಿಸಿದ ಸಂಘಕ್ಕೆ ಎರಡು ಮೈಲು ಮೇಲೆ ಯಾವ ಗಟಾರ ನದಿಗೆ ಬೀಳುತ್ತದೆಂದು ಗೊತ್ತಿಲ್ಲ. ಗೊತ್ತಿರುವ ಊರಿನವರಿಗೆ ಕೆಳಗಿನ ಊರಿನಲ್ಲಿ ಯಾರಿಗೆ ಕಾಮಣಿಯಾಯಿತೆಂದು ಗೊತ್ತಿಲ್ಲ. (ಇಬ್ಬರು ಕಾರ್ಯದರ್ಶಿಗಳನ್ನು ಒಂದೇ ವೇದಿಕೆಗೆ ಕರೆದರೆ ಮೊದಲ ಚರ್ಚೆ ಯಾರ ಹೆಸರು ಮೇಲೆ ಎಂಬುದು. ನಾನೂ ಕಾರ್ಯದರ್ಶಿಯಾಗಿದ್ದವನೇ, ಆದ್ದರಿಂದ ಬಲ್ಲೆ.)

ನದಿಯಾದರೋ ತಾಲೂಕಿನ ಗಡಿ ಕೇಳಿ ಹರಿಯುವುದಿಲ್ಲ. ಘಟಪ್ರಭೆ ಮಹಾರಾಷ್ಟ್ರದ ಸಹ್ಯಾದ್ರಿಯಲ್ಲಿ ಹುಟ್ಟುತ್ತಾಳೆ. ಸಂಕೇಶ್ವರದ ಹೊಲಸು ಕೊಳೆಯನ್ನು ಕಂಡ ಹಿರಣ್ಯಕೇಶಿಯೂ, ಬೆಳಗಾವಿಯ ಮಗ್ಗುಲಿನಿಂದ ಬರುವ ಮಾರ್ಕಂಡೇಯವೂ ಅವಳನ್ನೇ ಕೂಡುತ್ತವೆ. ಗೋಕಾಕ, ಮುಧೋಳ, ಕಲಾದಗಿ ದಾಟಿ ಚಿಕ್ಕಸಂಗಮದಲ್ಲಿ ಕೃಷ್ಣೆಗೆ ಸೇರುವವರೆಗೆ ಎಷ್ಟು ಊರು, ಎಷ್ಟು ನಳ! 2019ರ ಆಗಸ್ಟಿನ ನೆರೆಯಲ್ಲಿ ಗೋಕಾಕದ ಓಣಿಗಳಲ್ಲಿ ನದಿಯ ನೀರು, ಗಟಾರದ ನೀರು, ಕುಡಿಯುವ ನೀರು ಒಂದಾಗಿ ನಿಂತದ್ದನ್ನು ಕಣ್ಣಾರೆ ಕಂಡಿದ್ದೇವೆ. ಇಂಥ ನದಿಯನ್ನು ಒಂದೊಂದು ಘಾಟಿಗೆ ಒಂದೊಂದು ಸಂಘ ಹೇಗೆ ಕಾಯಬಲ್ಲದು?

ಕೂಡಿ ಕೆಲಸ ಮಾಡಿದವರ ಉದಾಹರಣೆ ದೂರವಿಲ್ಲ. ತುಂಗಭದ್ರೆಯ ದಂಡೆಯಲ್ಲಿ, ಹರಿಹರದ ಎದುರಿಗೆ, ರಾಣೆಬೆನ್ನೂರು ತಾಲೂಕಿನ ಕುಮಾರಪಟ್ಟಣದಲ್ಲಿ ನೀಲಗಿರಿ ಮರದಿಂದ ರೇಯಾನಿನ ತಿರುಳು ತಯಾರಿಸುವ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ 1972ರಲ್ಲಿ ಶುರುವಾಯಿತು. ನೀರು ಕಂದು ಬಣ್ಣಕ್ಕೆ ತಿರುಗಿತು, ನೊರೆ ಬರುತ್ತದೆ, ಮೈ ತುರಿಸುತ್ತದೆ, ದನಗಳು ಬಡವಾಗುತ್ತಿವೆ ಎಂದು ಕೆಳಗಿನ ಹಳ್ಳಿಗಳವರು ದೂರತೊಡಗಿದರು. 1984ರಲ್ಲಿ ನದಿಯಲ್ಲಿ ರಾಶಿ ರಾಶಿ ಮೀನು ಸತ್ತು ತೇಲಿದವು. ಅದೇ ತಾಲೂಕಿನ ಮೆಡ್ಲೇರಿಯಲ್ಲಿ 1979ರಿಂದ ಗ್ರಾಮಾಭಿವೃದ್ಧಿಯ ಕೆಲಸ ಮಾಡುತ್ತಿದ್ದ ಎಸ್.ಆರ್. ಹಿರೇಮಠರು ಮತ್ತು ಗೆಳೆಯರು ಸಮಾಜ ಪರಿವರ್ತನ ಸಮುದಾಯವನ್ನು ಕಟ್ಟಿದರು. ನದಿ ದಂಡೆಯವರು ತುಂಗಭದ್ರಾ ಪರಿಸರ ಸಮಿತಿಯಾಗಿ ನಿಂತರು. ಅವರು ಮಾಡಿದ್ದರಲ್ಲಿ ನನಗೆ ಮುಖ್ಯವಾಗಿ ಕಾಣುವುದು ಮೆರವಣಿಗೆಯಲ್ಲ. ಮೀನುಗಾರ, ರೈತ, ದನ ಕಾಯುವವ, ವಿಜ್ಞಾನ ಬಲ್ಲವ, ವಕೀಲ ಈ ಐವರ ಮಾತನ್ನು ಒಂದೇ ಕಾಗದದ ಮೇಲೆ ತಂದದ್ದು. ಮೀನುಗಾರನ ದೂರು ಒಂದೇ ಇದ್ದರೆ ಅದು ಹೊಟ್ಟೆಪಾಡಿನ ಗೋಳು; ಅದರ ಪಕ್ಕದಲ್ಲಿ ನೀರಿನ ಪರೀಕ್ಷೆಯ ಅಂಕಿ ಇಟ್ಟಾಗ ಅದು ಸಾಕ್ಷಿ.

ನೀರಿನ ಜಾಡು ಹಿಡಿದು ಹೊರಟವರು ಕಾಡಿಗೂ ಹೋದರು. ಅದೇ ಕಾರ್ಖಾನೆಗೆ ನೀಲಗಿರಿ ಬೆಳೆಸಲು ಹಳ್ಳಿಗಳ ಸಾವಿರಾರು ಎಕರೆ ಗೋಮಾಳವನ್ನು ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಕಂಪನಿಗೆ ಒಪ್ಪಿಸಿದ್ದರ ವಿರುದ್ಧ 1986ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಹೋಯಿತು. ಅರ್ಜಿದಾರರಲ್ಲಿ ಮೊದಲಿಗರು ಶಿವರಾಮ ಕಾರಂತರು, ಆಗ ಅವರಿಗೆ ಎಂಬತ್ತನಾಲ್ಕು ವರ್ಷ. 1987ರ ನವೆಂಬರ್ 14ರಂದು ಇಂದಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹ ನಡೆಯಿತು: ನೀಲಗಿರಿ ಕಿತ್ತರು, ಊರಿಗೆ ಬೇಕಾದ ಸಸಿ ಹಚ್ಚಿದರು. 1991ರಲ್ಲಿ ಆ ಕಂಪನಿಯೇ ಮುಚ್ಚಿತು. ನದಿ ಪೂರ್ತಿ ಶುದ್ಧವಾಯಿತೆಂದು ನಾನು ಹೇಳುತ್ತಿಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ದೇಶದ 351 ಕಲುಷಿತ ನದಿಭಾಗಗಳನ್ನು ಗುರುತಿಸಿತು. ಅದರಲ್ಲಿ ಕರ್ನಾಟಕದ 17. ತುಂಗಭದ್ರೆಯೂ ಇದ್ದಾಳೆ, ನಮ್ಮ ನೆರೆಯ ಮಲಪ್ರಭೆ, ಕೃಷ್ಣೆಯೂ ಇದ್ದಾರೆ. 2024ರ ನವೆಂಬರಿನಲ್ಲಿ ಹಲವು ಸಂಘಟನೆಗಳು ಕೂಡಿ ‘ನಿರ್ಮಲ ತುಂಗಭದ್ರಾ’ ಎಂದು ಶೃಂಗೇರಿಯಿಂದ ನದಿಗುಂಟ ಪಾದಯಾತ್ರೆ ಹೊರಡಬೇಕಾಯಿತು. ಕೆಲಸ ಒಂದು ತಲೆಮಾರಿಗೆ ಮುಗಿಯುವಂಥದ್ದಲ್ಲ, ಅಷ್ಟೇ.

ಕೆರೆಗಳ ಬಗ್ಗೆಯೂ ಒಂದು ಮಾತು. ಬೆಂಗಳೂರಿನ ಬೆಳ್ಳಂದೂರು ಕೆರೆ 2015ರಲ್ಲಿ, 2017ರಲ್ಲಿ, ಮತ್ತೆ 2018ರ ಜನವರಿಯಲ್ಲಿ ಹೊತ್ತಿ ಉರಿದದ್ದು ಎಲ್ಲರಿಗೂ ಗೊತ್ತು. ಅದಕ್ಕಿಂತ ಮೊದಲೇ, 2008ರಲ್ಲಿ, ಎನ್ವಿರಾನ್ಮೆಂಟ್ ಸಪೋರ್ಟ್ ಗ್ರೂಪ್ ಎಂಬ ಸಂಸ್ಥೆ ಕೆರೆಗಳಿಗಾಗಿ ಹೈಕೋರ್ಟಿಗೆ ಹೋಗಿತ್ತು. 2012ರ ಏಪ್ರಿಲ್‌ನ ತೀರ್ಪಿನಲ್ಲಿ ರಾಜ್ಯದ ಕೆರೆಗಳ ರಕ್ಷಣೆಗೆ ಜಿಲ್ಲಾ ಮಟ್ಟದ ಸಮಿತಿಗಳ ವ್ಯವಸ್ಥೆಯಾಯಿತು. ಆ ತೀರ್ಪು ಬೆಂಗಳೂರಿಗೆ ಮಾತ್ರವಲ್ಲ, ನಮ್ಮೂರ ಕೆರೆಗೂ ಸಲ್ಲುತ್ತದೆ. ಅಂಥ ಸಮಿತಿಯ ಮುಂದೆ ನಮ್ಮ ಮೂರು ತಾಲೂಕಿನಿಂದ ಎಷ್ಟು ಅರ್ಜಿ ಹೋಗಿವೆ ಎಂದು ನಿಮ್ಮೂರ ಸಂಘದವರನ್ನು ಕೇಳಿ ನೋಡಿ. ಅಮೆರಿಕದಲ್ಲಿ ಹಡ್ಸನ್ ನದಿಯ ಮೀನುಗಾರರು 1966ರಲ್ಲಿ ಕಟ್ಟಿದ ಚಿಕ್ಕ ಸಂಘದಿಂದ ಬೆಳೆದ ಚಳವಳಿ 1999ರಲ್ಲಿ ಬೇರೆ ಬೇರೆ ನದಿಗಳ ಕಾವಲುಗಾರರ ಒಕ್ಕೂಟವಾಯಿತು. ಅವರೂ ಮೊದಲು ಬಲೆ ಹಿಡಿದವರೇ.

ನನಗೆ ಬೇಕಾದದ್ದು ಇಷ್ಟು: ಹಿಡಕಲ್ಲಿನಿಂದ ಚಿಕ್ಕಸಂಗಮದವರೆಗೆ ಘಟಪ್ರಭೆಗೆ ಒಂದು ಒಕ್ಕೂಟ. ಸಂಘಗಳು ತಮ್ಮ ಹೆಸರು ಬಿಡಬೇಕಿಲ್ಲ, ಬ್ಯಾನರೂ ಇರಲಿ. ಒಂದು ವಹಿ ಮಾತ್ರ ಒಂದೇ ಇರಲಿ. ಅದರಲ್ಲಿ ಒಂದು ಕಡೆ ನೀರಿನ ಪರೀಕ್ಷೆ, ಇನ್ನೊಂದು ಕಡೆ ಆ ವಾರದ ವಾಂತಿಭೇದಿ, ಜ್ವರ, ಕಾಮಣಿಗಳ ಸಂಖ್ಯೆ, ರೋಗಿಗಳ ಹೆಸರಿಲ್ಲದೆ. ನೀರಿನ ಪರೀಕ್ಷೆಗೆ ದೊಡ್ಡ ಪ್ರಯೋಗಾಲಯ ಬೇಕೆಂದಿಲ್ಲ. ಒಳಗೆ ಔಷಧ ಸವರಿದ ಪಟ್ಟಿ ಇರುವ ಚಿಕ್ಕ ಬಾಟಲಿ ಬರುತ್ತದೆ. ನೀರು ತುಂಬಿಸಿಟ್ಟು ಒಂದೆರಡು ದಿನದಲ್ಲಿ ಕಪ್ಪಾದರೆ ಮಲ ಸೇರಿರುವ ಸಂಭವ ಹೆಚ್ಚು. 1982ರಲ್ಲಿ ನಮ್ಮ ದೇಶದ ವಿಜ್ಞಾನಿಗಳೇ ಇದನ್ನು ರೂಪಿಸಿದ್ದು. ಜಲ ಜೀವನ ಮಿಷನ್ನಿನಲ್ಲಿ ಊರಿಗೆ ಐವರು ಹೆಣ್ಣುಮಕ್ಕಳಿಗೆ ನೀರು ಪರೀಕ್ಷಿಸುವ ತರಬೇತಿ ಕೊಡುವ ಏರ್ಪಾಡಿದೆ. ಆ ಅಕ್ಕಂದಿರನ್ನೂ ಆಶಾ ಕಾರ್ಯಕರ್ತೆಯರನ್ನೂ ನಮ್ಮ ಯಾವ ಸಂಘವೂ ಸಭೆಗೆ ಕರೆದಂತಿಲ್ಲ. ಶಾಲು ಹೊದಿಸಲು ಕರೆದಿರಬಹುದು.

ಇದಕ್ಕೆ ಬರುವ ಆಕ್ಷೇಪಣೆಯೂ ನನಗೆ ಗೊತ್ತು. “ಕಾರ್ಖಾನಿ ವಿರುದ್ಧ ಹ್ವಾದ್ರ ನಮ್ಮ ಕಬ್ಬ ಯಾರ ಒಯ್ತಾರ್ರಿ?” ಎಂದು ನನ್ನ ರೋಗಿಯೇ ಆದ ಒಬ್ಬ ಹಿರಿಯ ರೈತರು ಕೇಳಿದರು. ನ್ಯಾಯವಾದ ಪ್ರಶ್ನೆ. ಕಾರ್ಖಾನೆಯ ಕೂಲಿಯಿಂದ ಒಲೆ ಹೊತ್ತುವ ಮನೆಗಳವರು ನನ್ನಲ್ಲಿಗೂ ಬರುತ್ತಾರೆ. ಕಾರ್ಖಾನೆ ಮುಚ್ಚಿಸಿ ಎಂದು ನಾನು ಹೇಳುವುದಿಲ್ಲ. ಶುದ್ಧೀಕರಣ ಘಟಕವನ್ನು ತಪಾಸಣೆಯ ದಿನ ಮಾತ್ರವಲ್ಲದೆ ದಿನವೂ ನಡೆಸಲಿ ಎನ್ನುತ್ತೇನೆ. ಊರ ಗಟಾರವನ್ನು ನೇರವಾಗಿ ಹಳ್ಳಕ್ಕೆ ಬಿಡುವ ಪಂಚಾಯತಿಗಳೂ, ಕಾಲುವೆಯಲ್ಲಿ ಪಂಪು ತೊಳೆಯುವ ನಾವೂ ಅದೇ ಸಾಲಿನಲ್ಲಿ ನಿಲ್ಲಬೇಕು. ಆ ರೈತರು ಒಬ್ಬರೇ ಕೇಳಿದರೆ ಅವರ ಕಬ್ಬು ನಿಲ್ಲಬಹುದು. ನಲವತ್ತು ಊರು ಕೂಡಿ ಕೇಳಿದರೆ ನಲವತ್ತು ಊರಿನ ಕಬ್ಬು ಬಿಡಲು ಯಾವ ಕಾರ್ಖಾನೆಗೂ ಆಗದು.

ಅಲ್ಲಿಯವರೆಗೆ ಮನೆಯಲ್ಲಿ ನೀವು ಮಾಡಬೇಕಾದದ್ದು: ಹೊಸ ನೀರು ಬಂದಂದಿನಿಂದ ದಸರೆಯವರೆಗಾದರೂ ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸಿ, ಕುದಿ ಬಂದ ಮೇಲೆ ಐದು ನಿಮಿಷ ಬಿಟ್ಟು ಇಳಿಸಿ. ಮನೆಯವರೆಲ್ಲರಿಗೂ ಉರುವಲು ಸಾಲದಿದ್ದರೆ ಬಸುರಿಗೂ ಚಿಕ್ಕ ಮಕ್ಕಳಿಗೂ ತಪ್ಪಿಸಬೇಡಿ. ಕೊಡದಲ್ಲಿ ಕೈ ಅದ್ದದೆ ಹಿಡಿಕೆಯ ಪಾತ್ರೆಯಿಂದ ನೀರು ತೆಗೆಯಿರಿ. ವಾಂತಿಭೇದಿಯಾದರೆ ಮೊದಲು ಓ.ಆರ್.ಎಸ್., ಆಮೇಲೆ ಡಾಕ್ಟರು. ಬಸುರಿಯ ಕಣ್ಣು ಹಳದಿಯಾದರೆ ಒಂದು ದಿನವೂ ಕಾಯಬೇಡಿ. ಓಣಿಯಲ್ಲಿ ಇಬ್ಬರಿಗೆ ಕಾಮಣಿಯಾದರೆ ಆಶಾ ಕಾರ್ಯಕರ್ತೆಗೆ ತಿಳಿಸಿ. ನಿಮ್ಮ ಡಾಕ್ಟರರು ಬರೆದು ಕಳಿಸಿದ್ದಾರೆಯೇ ಎಂದು ಅವರನ್ನೂ ಕೇಳಿ. ಕೇಳಿದರೆ ನಾವು ಸಿಟ್ಟಾಗುವುದಿಲ್ಲ.

ನಾನು ಮೊದಲು ಹೇಳಿದ ಆ ಹುಡುಗಿ ಈಗ ಮತ್ತೆ ಐದು ತಿಂಗಳ ಬಸುರಿ. ಹೋದ ವಾರ ತಪಾಸಣೆಗೆ ಬಂದಾಗ ಅತ್ತೆಯ ಚೀಲದಲ್ಲಿ ಎರಡು ಬಾಟಲಿಗಳಿದ್ದವು. ಒಂದರಲ್ಲಿ ಮನೆಯ ನಳದ ನೀರು, ಇನ್ನೊಂದರಲ್ಲಿ ನದಿಯದು. “ಇವನ್ನೂ ತಪಾಸ ಮಾಡ್ರಿ ಸಾಹೇಬ್ರ” ಎಂದರು. ಪರೀಕ್ಷೆಯ ಬಾಟಲಿಗಳಿಗೆ ಸುರಿದಿಟ್ಟೆ. ಎರಡು ದಿನದ ಮೇಲೆ ನಳದ್ದು ಹಾಗೆಯೇ ಇತ್ತು, ನದಿಯದು ಇದ್ದಲಿನಂತೆ ಕಪ್ಪಾಗಿತ್ತು. ಎರಡನ್ನೂ ದವಾಖಾನೆಯ ಕಿಟಕಿಯಲ್ಲಿ ಬಂದವರಿಗೆ ಕಾಣುವಂತೆ ಇಟ್ಟಿದ್ದೇನೆ. ಮೊನ್ನೆ ಯುವಕ ಮಂಡಳದ ಹುಡುಗನೊಬ್ಬ ಅವನ್ನು ಬಹಳ ಹೊತ್ತು ನೋಡಿ, ಇನ್ನೂ ಹತ್ತು ಖಾಲಿ ಬಾಟಲಿ ಕೇಳಿ ಒಯ್ದಿದ್ದಾನೆ. ಮೇಲಿನ ನಾಲ್ಕು ಊರಿನ ನೀರು ತರುತ್ತೇನೆಂದು ಹೇಳಿದ್ದಾನೆ.